ಹುಣಸೂರು ರಸ್ತೆಗೂ ಕೋಟೆ ರಸ್ತೆಗೂ ನಡುವೆ ಒಂದು ಮನೆ

ಪ್ರಶ್ನೆ: ನಾನು ಎಚ್.ಡಿ. ಕೋಟೆ ತಾಲ್ಲೂಕಿನವಳು, ನಮ್ಮ ಯಜಮಾನರು ಪಿರಿಯಾಪಟ್ಟಣದ ಕಡೆಯವರು. ಮದುವೆಯಾಗಿ ವರ್ಷ ತುಂಬಿತು. ಅವರಿಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನಾನು ಕುವೆಂಪುನಗರದ ಖಾಸಗಿ ಶಾಲೆಯಲ್ಲಿ ಟೀಚರ್. ಇಬ್ಬರದೂ ಸೇರಿ ತಿಂಗಳಿಗೆ 52,000 ಕೈಗೆ ಬರುತ್ತದೆ. ಹಿನಕಲ್‌ನಲ್ಲಿ 9,000 ಬಾಡಿಗೆಗೆ ಇದ್ದೇವೆ. ಈ ಸಲ ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ ಮಾವ 6 ಲಕ್ಷ ಕೊಡುತ್ತೇನೆ ಎಂದಿದ್ದಾರೆ. ಇಲವಾಲದ ಆಚೆ 30x40 ಸೈಟು 18 ಲಕ್ಷಕ್ಕೆ ಇದೆ, ‘ಈಗ ಬಿಟ್ಟರೆ ಮತ್ತೆ ಸಿಗಲ್ಲ’ ಎಂದು ಬ್ರೋಕರ್ ದಿನಾ ಫೋನ್ ಮಾಡುತ್ತಾರೆ. ತಗೊಳ್ಳೋಣವೇ? ನಮ್ಮಂಥವರಿಗೆ ಮೈಸೂರಿನ ಯಾವ ಬಡಾವಣೆ ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಆ ಸೈಟು ಬೇಡ. ಬ್ರೋಕರ್ ಮತ್ತೆ ಫೋನ್ ಮಾಡಿದರೆ ‘ಮಾವನವರನ್ನು ಕೇಳಿ ಹೇಳ್ತೀವಿ’ ಅನ್ನಿ. ನಮ್ಮ ಕಡೆ ಆ ಮಾತಿಗೆ ಎದುರು ಮಾತಿಲ್ಲ. ಯಾಕೆ ಬೇಡ ಎಂಬ ಲೆಕ್ಕ ಆಮೇಲೆ ಹಾಕೋಣ, ಮೊದಲು ದಾರಿ ನೋಡೋಣ.

ಹುಣಸೂರು ಉಪವಿಭಾಗದ ನಾಲ್ಕು ಹಳೆಯ ತಾಲ್ಲೂಕುಗಳ ಜನ ಮೈಸೂರಿಗೆ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಪಿರಿಯಾಪಟ್ಟಣ, ಹುಣಸೂರಿನವರು ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಬಿಳಿಕೆರೆ, ಇಲವಾಲ, ಹೂಟಗಳ್ಳಿ, ಹಿನಕಲ್ ದಾಟಿ ಬರುತ್ತಾರೆ. ಕೆ.ಆರ್. ನಗರದವರು ಬಿಳಿಕೆರೆಯಲ್ಲೋ ಇಲವಾಲದಲ್ಲೋ ಇದೇ ರಸ್ತೆಗೆ ಬಂದು ಸೇರುತ್ತಾರೆ. ಕೋಟೆಯವರದು ಬೇರೆ ದಾರಿ: ಹ್ಯಾಂಡ್‌ಪೋಸ್ಟ್, ಹಂಪಾಪುರ, ಜಯಪುರ, ಶ್ರೀರಾಂಪುರ, ಮಾನಂದವಾಡಿ ರಸ್ತೆ. ತಮ್ಮ ಊರಿನ ಬಸ್ಸು ಪೇಟೆಗೆ ಕಾಲಿಡುವ ಕಡೆಯೇ ಮನೆ ಹುಡುಕುವುದು ನಮ್ಮ ಜನರ ಅಭ್ಯಾಸ. ಹುಣಸೂರು, ಪಿರಿಯಾಪಟ್ಟಣದವರು ಹಿನಕಲ್, ಹೆಬ್ಬಾಳು, ವಿಜಯನಗರದ ಸುತ್ತ. ಕೋಟೆ, ಸರಗೂರಿನವರು ಶ್ರೀರಾಂಪುರ, ಕುವೆಂಪುನಗರದ ಸುತ್ತ. ಇದನ್ನು ಹಳ್ಳಿಗಮಾರತನ ಅಂತ ನಗುವವರಿದ್ದಾರೆ. ನಗಲಿ. ಅಮ್ಮನಿಗೆ ಹುಷಾರಿಲ್ಲ ಎಂದು ರಾತ್ರಿ ಎಂಟಕ್ಕೆ ಫೋನ್ ಬಂದಾಗ ಮನೆಯಿಂದ ನಡೆದು ಹೋಗಿ ಊರಿನ ಬಸ್ಸು ಹತ್ತುವಂತಿರಬೇಕು. ಭತ್ತ ಕುಯ್ದ ಮೇಲೆ ಬರುವ ಅಕ್ಕಿ ಮೂಟೆ, ರಾಗಿ, ತೆಂಗಿನಕಾಯಿ ಚೀಲ ಕೂಡ ಅದೇ ಬಸ್ಸಿನಲ್ಲಿ ಇಳಿಯುತ್ತದೆ. ಸಂಬಳದಲ್ಲಿ ಲೆಕ್ಕಕ್ಕೆ ಬಾರದ ಈ ಆದಾಯ ಸಣ್ಣದಲ್ಲ.

ನಿಮ್ಮ ತೊಡಕು ಏನೆಂದರೆ ನೀವಿಬ್ಬರೂ ಒಂದೊಂದು ದಾರಿಯವರು. ಕೆಲಸವೂ ಹಾಗೇ, ಅವರದು ಹುಣಸೂರು ರಸ್ತೆಯಲ್ಲಿ, ನಿಮ್ಮದು ಕೋಟೆ ರಸ್ತೆಯ ಹತ್ತಿರ. ಈ ಎರಡು ರಸ್ತೆಗಳನ್ನು ಜೋಡಿಸುವುದು ವರ್ತುಲ ರಸ್ತೆಯ ಪಶ್ಚಿಮದ ಭಾಗ. ಸುಮಾರು 42 ಕಿ.ಮೀ. ಉದ್ದದ ಆ ರಿಂಗ್ ರೋಡಿನಲ್ಲಿ ನಿಮಗೆ ಬೇಕಾದದ್ದು ಹಿನಕಲ್ ಮೇಲ್ಸೇತುವೆಯಿಂದ ಬೋಗಾದಿ, ದಟ್ಟಗಳ್ಳಿ ಹಾದು ಶ್ರೀರಾಂಪುರದ ಜಂಕ್ಷನ್‌ವರೆಗಿನ ತುಂಡು ಮಾತ್ರ. ಬೋಗಾದಿ ಎರಡನೇ ಹಂತ, ದಟ್ಟಗಳ್ಳಿ, ರಾಮಕೃಷ್ಣನಗರದ ಅಂಚು, ಶ್ರೀರಾಂಪುರ – ಇಷ್ಟರೊಳಗೆ ಹುಡುಕಿ. ಬೋಗಾದಿಯಲ್ಲಿದ್ದರೆ ಹೂಟಗಳ್ಳಿಯೂ ಕುವೆಂಪುನಗರವೂ ಹತ್ತು ಕಿ.ಮೀ. ಒಳಗೆ. ಇಲವಾಲದ ಆಚೆ ಹೋದಿರೋ ಅವರಿಗೆ ಕೆಲಸ ಹತ್ತಿರ, ನಿಮಗೆ ಒಂದೊಂದು ದಿಕ್ಕಿಗೆ ಸುಮಾರು ಹದಿನೈದು ಕಿ.ಮೀ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬಡಾವಣೆ ಆರಿಸುವುದು ಯಜಮಾನರ ಬೈಕಿನಿಂದ ಅಲ್ಲ, ನಿಮ್ಮ ಬಸ್ ಸ್ಟಾಪಿನಿಂದ. ಅವರಿಗೆ ಗಾಡಿ ಇದೆ, ಕಾರ್ಖಾನೆಯ ಬಸ್ಸೂ ಇರಬಹುದು. ನೀವು ಸಂಜೆ ನೋಟ್‌ಬುಕ್‌ಗಳ ಕಟ್ಟು ಹಿಡಿದು ನಡೆಯುವವರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಸಿಟಿ ಬಸ್ಸೂ ಕೋಟೆ ಬಸ್ಸೂ ಉಚಿತ, ಅದು ತಿಂಗಳ ಖರ್ಚಿನಲ್ಲಿ ನಿಜವಾದ ಉಳಿತಾಯ. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಹೊತ್ತು ಉಳಿಯುವುದಿಲ್ಲ. ಮೈಸೂರಿನ ಸಿಟಿ ಬಸ್ಸುಗಳು ಅರಮನೆ ಹತ್ತಿರದ ನಿಲ್ದಾಣದಿಂದ ಗಾಡಿ ಚಕ್ರದ ಅರೆಗಳ ಹಾಗೆ ಹೊರಕ್ಕೆ ಹೊರಡುತ್ತವೆ, ಚಕ್ರದ ಪಟ್ಟಿಯ ಹಾಗೆ ಊರನ್ನು ಸುತ್ತುವುದು ಕಡಿಮೆ. ಹಾಗಾಗಿ ಇಲವಾಲದಿಂದ ಕುವೆಂಪುನಗರಕ್ಕೆ ಹೋಗಬೇಕಾದರೆ ಪೇಟೆಯೊಳಕ್ಕೆ ಬಂದು ಬಸ್ಸು ಬದಲಾಯಿಸಬೇಕು. ಇವತ್ತು ನೀವೊಬ್ಬರೇ ಹೋಗಿಬರುತ್ತೀರಿ, ಇನ್ನೆರಡು ವರ್ಷಕ್ಕೆ ಕಂಕುಳಲ್ಲಿ ಮಗುವಿದ್ದರೆ?

ಈಗ ಬೆಲೆಯ ವಿಚಾರ. ಮೈಸೂರಿನಲ್ಲಿ ಜಾಗ ಮೂರು ಜಾತಿ. ಮೊದಲನೆಯದು ಪ್ರಾಧಿಕಾರವೇ ಮಾಡಿದ ಬಡಾವಣೆ. ಪ್ಲೇಗಿನ ಹೊಡೆತ ತಿಂದ ಮೇಲೆ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅದು 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಆಯಿತು, ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಕುವೆಂಪುನಗರ, ವಿಜಯನಗರದ ಹಂತಗಳು ಈ ಪರಂಪರೆಯ ಕೂಸುಗಳು. ಅಗಲ ರಸ್ತೆ, ಪಾರ್ಕು, ಒಳಚರಂಡಿ ಎಲ್ಲ ಇದೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಏರಿ ಕೂತಿದೆ. ಎರಡನೆಯದು ಪ್ರಾಧಿಕಾರದ ಅನುಮೋದನೆ ಪಡೆದ ಖಾಸಗಿ ಲೇಔಟ್. ಮೂರನೆಯದು ಹೊಲವನ್ನು ಹಾಗೇ ತುಂಡು ಮಾಡಿ ಮಾರಿದ ಕಂದಾಯ ಸೈಟು. ಹೊಸ ಜೋಡಿಗಳೆಲ್ಲ ‘ಅಗ್ಗ’ ಹುಡುಕಿಕೊಂಡು ಹೋಗಿ ಬೀಳುವುದು ಮೂರನೆಯದಕ್ಕೆ. ನಾನು ಹೇಳುವುದು ತಿರುಗಾಮುರುಗಾ: ಮೊದಲನೆಯ ಜಾತಿಯಲ್ಲೇ ಸಣ್ಣದನ್ನು ಹುಡುಕಿ. ಹಳೆಯ ಹಂತಗಳಲ್ಲಿ 20x30 ಸೈಟಿನ ಪುಟ್ಟ ಮನೆಗಳಿವೆ. ಗೋಡೆಗೆ ಬಣ್ಣ ಹೋಗಿರುತ್ತದೆ, ಬಚ್ಚಲು ಇಕ್ಕಟ್ಟು, ಹಾಲಿನಲ್ಲಿ ಸೋಫಾ ಹಿಡಿಸುವುದಿಲ್ಲ. ಅದಕ್ಕೇ ಬೆಲೆ ಕೈಗೆಟಕುವ ಹಾಗಿರುತ್ತದೆ. ನೆಂಟರಿಗೆ ತೋರಿಸಲು ಮೂವತ್ತು-ನಲವತ್ತೇ ಬೇಕು ಎಂಬ ಹಟ ಈ ಸಂಬಳಕ್ಕೆ ಸಲ್ಲದು.

‘ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಸೈಟಿಗೆ ಕಾಯೋಣವೇ’ ಎಂದು ಕೇಳುವಿರಾದರೆ, ಹಾಕಿ, ಹಾಕಿ ಮರೆತುಬಿಡಿ.

ಇಲವಾಲದ ಸೈಟಿನ ಲೆಕ್ಕಕ್ಕೆ ಬರೋಣ. ಸೈಟು 18 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ. ಎಲ್ಲ ಸೇರಿ ಏಳೂವರೆ ಪರ್ಸೆಂಟ್ ದಾಟುತ್ತದೆ, ಅಂದರೆ ಹತ್ತಿರಹತ್ತಿರ 1.4 ಲಕ್ಷ. ಮೇಲೆ ಮನೆ ಎಬ್ಬಿಸಬೇಕು. ಗಾರೆಯವರ ಲೆಕ್ಕ ಚದರದಲ್ಲಿ. ಚದರಕ್ಕೆ ಎರಡು ಲಕ್ಷ ಹಿಡಿದರೂ ಎಂಟು ಚದರದ ಮನೆಗೆ 16 ಲಕ್ಷ. ಬೋರ್‌ವೆಲ್, ಸಂಪು, ಕಾಂಪೌಂಡು, ಕರೆಂಟಿನ ಠೇವಣಿ ಇದರಲ್ಲಿ ಸೇರಿಲ್ಲ. 18 ಲಕ್ಷದ ಸೈಟು ಅಂತ ಕೈ ಹಾಕಿದ್ದು 36-38 ಲಕ್ಷಕ್ಕೆ ಹೋಗಿ ನಿಲ್ಲುತ್ತದೆ, ಮನೆ ಏಳುವವರೆಗೆ ಹಿನಕಲ್ ಬಾಡಿಗೆಯೂ ಸೈಟಿನ ಕಂತೂ ಒಟ್ಟಿಗೆ ಕಟ್ಟಬೇಕು. ಇದು ಅಗ್ಗವಲ್ಲ, ಕಂತಿನಲ್ಲಿ ಬರುವ ದುಬಾರಿ.

ಈ ರಸ್ತೆಯ ಬ್ರೋಕರುಗಳ ಬಾಯಲ್ಲಿ ಈಗ ಇನ್ನೆರಡು ಮಾತು: ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಿಂದ ಕುಶಾಲನಗರದ ಹತ್ತಿರದ ಗುಡ್ಡೆಹೊಸೂರಿನವರೆಗೆ ಸುಮಾರು 92 ಕಿ.ಮೀ. ಉದ್ದದ ಹೊಸ ಹೆದ್ದಾರಿ, ಮತ್ತು ಪೆರಿಫೆರಲ್ ರಿಂಗ್ ರೋಡು. ಹೆದ್ದಾರಿ ಬಂದರೆ ಬೆಲೆ ಏರುತ್ತದೆ ನಿಜ. ಆದರೆ ನೀವು ಹುಡುಕುತ್ತಿರುವುದು ವಾಸಕ್ಕೆ ಮನೆ. ಬೆಲೆ ಏರಿತೆಂದು ಮಲಗುವ ಕೋಣೆ ಮಾರುವುದಕ್ಕಾಗುತ್ತದೆಯೇ?

ಇನ್ನು ಕಟ್ಟಿದ ಹಳೆಯ ಮನೆ 30 ಲಕ್ಷಕ್ಕೆ ಸಿಕ್ಕಿತು ಅನ್ನಿ. ಬ್ಯಾಂಕಿನಿಂದ 25 ಲಕ್ಷ ಸಾಲ, ಇಪ್ಪತ್ತು ವರ್ಷ, ಬಡ್ಡಿ ಶೇ. 8.5 ಎಂದರೆ ತಿಂಗಳ ಕಂತು ಸುಮಾರು 21,700. ನಿಮ್ಮ ಆದಾಯದ ಶೇ. 42ರ ಹತ್ತಿರ. ಕಷ್ಟ, ಆದರೆ ಅಸಾಧ್ಯವಲ್ಲ. ಇದರ ಮೇಲೆ ಒಂದು ರೂಪಾಯಿಯೂ ಹೋಗಬೇಡಿ. ಕೈಯಿಂದ ಹಾಕಬೇಕಾದ್ದು 5 ಲಕ್ಷ, ನೋಂದಣಿಗೆ ಇನ್ನೊಂದು ಎರಡೂಕಾಲು ಲಕ್ಷ. ನೋಂದಣಿ ಖರ್ಚನ್ನು ಬ್ಯಾಂಕು ಮನೆಯ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ, ಅದು ಪೂರಾ ನಿಮ್ಮದೇ. ಅಲ್ಲಿಗೆ ಏಳೂಕಾಲು ಲಕ್ಷ. ಸುಣ್ಣಬಣ್ಣ, ವೈರಿಂಗ್, ವಕೀಲರ ಫೀಸು ಸೇರಿದರೆ ಎಂಟೂವರೆ. ಮಾವನ 6 ಲಕ್ಷ ಸಾಲದು. ಆದ್ದರಿಂದ ಈ ವರ್ಷ ಕೊಳ್ಳಬೇಡಿ, ಎರಡು ವರ್ಷ ಬಿಟ್ಟು ಕೊಳ್ಳಿ.

ನಿಮಗೆ ನೆರವಾಗುವುದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಆವೃತ್ತಿ. ವರ್ಷಕ್ಕೆ 9 ಲಕ್ಷದೊಳಗಿನ ಆದಾಯ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದರೆ ಬಡ್ಡಿ ಸಹಾಯಧನವಾಗಿ ಗರಿಷ್ಠ 1.80 ಲಕ್ಷ ಐದು ವಾರ್ಷಿಕ ಕಂತಿನಲ್ಲಿ ಸಾಲದ ಖಾತೆಗೆ ಬೀಳುತ್ತದೆ. ಒಂದು ಷರತ್ತು ಮುಖ್ಯ: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳ ಹೆಸರಿನಲ್ಲಿ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಕೂಡದು. ಊರಿನ ಮನೆ ಮಾವನ ಹೆಸರಿನಲ್ಲಿದ್ದರೆ ತೊಂದರೆಯಿಲ್ಲ. ಆದರೆ ಮಾವ ಪ್ರೀತಿಗೆ ಬಿದ್ದು ಈ ನಡುವೆ ವಿಭಾಗ ಪತ್ರ ಮಾಡಿಸಿ ಆ ಮನೆಯನ್ನು ಮಗನ ಹೆಸರಿಗೆ ಬರೆದರೆ ನೀವು ಯೋಜನೆಯ ಹೊರಗೆ. ಸ್ವಲ್ಪ ತಡೆಯಲು ಹೇಳಿ.

ಎರಡು ವರ್ಷ ಏನು ಮಾಡುವುದು? ಮೈಸೂರಿನಲ್ಲಿ ಭೋಗ್ಯಕ್ಕೆ ಮನೆ ಸಿಗುತ್ತದೆ. ಮಾವನ 6 ಲಕ್ಷವನ್ನು ಮಾಲೀಕರಿಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ವಾಪಸು ಪಡೆಯುವುದು. ತಿಂಗಳಿಗೆ 9,000 ಉಳಿದರೆ ವರ್ಷಕ್ಕೆ 1.08 ಲಕ್ಷ. ಯಾವ ಬ್ಯಾಂಕಿನ ಠೇವಣಿಯೂ 6 ಲಕ್ಷಕ್ಕೆ ಅಷ್ಟು ಕೊಡುವುದಿಲ್ಲ. ಭೋಗ್ಯ ಅಷ್ಟು ಕೊಡುತ್ತದೆ ಎಂದರೆ ಅಷ್ಟೇ ಅಪಾಯವೂ ಇದೆ ಎಂದು ತಿಳಿಯಿರಿ. ಮಾಲೀಕರು ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿ ಕಂತು ನಿಲ್ಲಿಸಿದ್ದರೆ, ಬ್ಯಾಂಕಿನವರು ಬೀಗ ಹಾಕಲು ಬಂದ ದಿನ ನಿಮ್ಮ ಬಿಳಿ ಹಾಳೆಯ ಕರಾರಿಗೆ ಬೆಲೆಯಿಲ್ಲ. ಭೋಗ್ಯ ಪತ್ರ ನೋಂದಣಿ ಆಗಲೇಬೇಕು. ಅದಕ್ಕೂ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಮನೆಯ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ ಸಾಲವಿದೆಯೇ ನೋಡಿ. ‘ನೋಂದಣಿ ಯಾಕೆ, ಸುಮ್ನೆ ಖರ್ಚು, ನಂಬಿಕೆ ಇಲ್ವಾ’ ಎನ್ನುವ ಮಾಲೀಕರಿಗೆ ಕೈಮುಗಿದು ಹೊರಡಿ. ಮಾಲೀಕರು ಒಪ್ಪುವ ಮನೆ ಸಿಗದಿದ್ದರೆ ಬಾಡಿಗೆಯಲ್ಲೇ ಇದ್ದು ದುಡ್ಡನ್ನು ಠೇವಣಿ ಇಡಿ. ತಿಂಗಳಿಗೆ 15,000 ಎತ್ತಿಟ್ಟರೆ ಎರಡು ವರ್ಷಕ್ಕೆ 3.6 ಲಕ್ಷ ಬೇರೆ.

ಬಾಡಿಗೆಯೋ ಭೋಗ್ಯವೋ, ಮನೆಯನ್ನು ಮಾತ್ರ ಹಿನಕಲ್‌ನಿಂದ ಬೋಗಾದಿ, ದಟ್ಟಗಳ್ಳಿ ಕಡೆಗೆ ಬದಲಾಯಿಸಿ. ಮುಂದೆ ಕೊಳ್ಳುವ ಬೀದಿಯ ನೀರು ಕುಡಿದು ನೋಡಿದಂತಾಗುತ್ತದೆ. ನೀರಿನ ಮಾತು ಸುಮ್ಮನೆ ಎತ್ತಿದ್ದಲ್ಲ. ಬೋಗಾದಿ, ಶ್ರೀರಾಂಪುರ 2020ರವರೆಗೆ ಗ್ರಾಮ ಪಂಚಾಯಿತಿಗಳ ಆಡಳಿತದಲ್ಲಿದ್ದವು. ಆ ವರ್ಷ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಇವನ್ನೆಲ್ಲ ಬೃಹತ್ ಮೈಸೂರು ಪಾಲಿಕೆಗೆ ಸೇರಿಸುವ ಮಾತೂ ನಡೆದಿದೆ. ಬೋರ್ಡು ಬದಲಾದಷ್ಟು ಬೇಗ ಪೈಪು ಬದಲಾಗುವುದಿಲ್ಲ. ಒಂದೇ ರಸ್ತೆಯ ಎಡಗಡೆ ಪ್ರಾಧಿಕಾರದ ಬಡಾವಣೆಗೆ ಕಾವೇರಿ ನೀರು, ಬಲಗಡೆ ಖಾಸಗಿ ಲೇಔಟಿಗೆ ಬೋರ್‌ವೆಲ್ ನೀರು – ಇಂಥ ಬೀದಿಗಳು ಈ ಭಾಗದಲ್ಲಿ ಸಾಮಾನ್ಯ. ಕೆ.ಆರ್.ಎಸ್. ಹಿನ್ನೀರಿನಿಂದ ನೀರು ತರುವ ಹಳೇ ಉಂಡವಾಡಿ ಯೋಜನೆಯ ಹೆಸರನ್ನು ಬ್ರೋಕರುಗಳು ಹೇಳುತ್ತಾರೆ. ನಲ್ಲಿಯಲ್ಲಿ ಬರುವವರೆಗೆ ಅದು ಅವರ ಬಾಯಲ್ಲಿರುವ ನೀರು. ಏಪ್ರಿಲ್ ತಿಂಗಳಲ್ಲಿ ಬೀದಿ ಮೂಲೆಯ ಅಂಗಡಿಯಲ್ಲಿ ನಿಂತು ಕೇಳಿ: ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ಎಷ್ಟಕ್ಕೆ, ಬೋರಿನ ನೀರಲ್ಲಿ ಬೇಳೆ ಬೇಯುತ್ತದೆಯೇ. ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ ಒಳಚರಂಡಿ ಎಲ್ಲಿಗೆ ಸೇರುತ್ತದೆ ನೋಡಿ. ಕೆಲವು ಖಾಸಗಿ ಲೇಔಟುಗಳ ಚರಂಡಿ ಕೊನೆಗೆ ಸೇರುವುದು ಪಕ್ಕದ ಕೆರೆಗೆ, ಸೊಳ್ಳೆ ಸೇರುವುದು ಮನೆಗೆ.

ಕಾಗದಪತ್ರದ ವಿಚಾರವನ್ನು ವಕೀಲರಿಗೆ ಬಿಡಿ. ಆದರೂ ನಮ್ಮ ಸೀಮೆಯವರು ವಕೀಲರನ್ನು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಈ ಜಮೀನು ಮೂಲದಲ್ಲಿ ದರಖಾಸ್ತಿನದೇ? ಸರ್ಕಾರ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಮಾರಿದ್ದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯಾದ ಮೇಲೆ ‘ತುಂಬಾ ವರ್ಷ ಆಯಿತು, ಇನ್ನು ಕೇಳುವ ಹಾಗಿಲ್ಲ’ ಎಂಬ ವಾದವನ್ನು ನಂಬಿ ಕೂರುವ ಹಾಗೂ ಇಲ್ಲ. ಭೂಮಿ ಕಳೆದುಕೊಂಡವರಿಗೆ ಅದು ನ್ಯಾಯವೇ. ನಡುವೆ ಸಿಕ್ಕಿಕೊಳ್ಳುವವರು ಹತ್ತನೇ ಕೈಯಲ್ಲಿ ಸೈಟು ಕೊಂಡ ನಿಮ್ಮಂಥವರು. ಆದ್ದರಿಂದ ಇ.ಸಿ. ಹದಿನೈದು ವರ್ಷದ್ದು ಸಾಕೆನ್ನದೆ ಮೂಲ ಮಂಜೂರಾತಿ ಕಾಗದದವರೆಗೆ, ಹಳೆಯ ಪಹಣಿಯವರೆಗೆ ಹೋಗಬೇಕು. ಎರಡನೆಯದು, ಮಾರಿದ ಕುಟುಂಬದ ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ ನೋಡಿ. 2005ರ ನಂತರ ಪಿತ್ರಾರ್ಜಿತದಲ್ಲಿ ಅವರ ಪಾಲೂ ಸಮ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿದ ಕ್ರಯಪತ್ರದ ಹಿಂದೆ ಮುನಿಸಿಕೊಂಡ ತಂಗಿಯೊಬ್ಬಳು ಇದ್ದೇ ಇರುತ್ತಾಳೆ. ಖಾಸಗಿ ಲೇಔಟಾದರೆ ಭೂಪರಿವರ್ತನೆ ಆದೇಶ, ಪ್ರಾಧಿಕಾರ ಒಪ್ಪಿದ ನಕ್ಷೆ, ರೇರಾ ನೋಂದಣಿಯ ಜೊತೆಗೆ ನಿಮ್ಮ ಸೈಟಿನ ಸಂಖ್ಯೆ ಪ್ರಾಧಿಕಾರದಿಂದ ಬಿಡುಗಡೆಯಾಗಿದೆಯೇ ಕೇಳಿ. ಪಂಚಾಯಿತಿ ವ್ಯಾಪ್ತಿಯಲ್ಲಿ ಫಾರಂ 11ಬಿ ಮಾತ್ರ ತೋರಿಸಿದರೆ, ಪಟ್ಟಣದ ವ್ಯಾಪ್ತಿಯಲ್ಲಿ ಬಿ ಖಾತೆ ಮಾತ್ರ ಇದ್ದರೆ, ಸಾಲ ಕೊಡಲು ಬ್ಯಾಂಕು ಹಿಂದೆಮುಂದೆ ನೋಡುತ್ತದೆ. ಬ್ಯಾಂಕಿನ ಆ ಅನುಮಾನವನ್ನು ಪುಕ್ಕಟೆ ಸಲಹೆ ಅಂತ ಸ್ವೀಕರಿಸಿ. ನೀವು ನೋಡಿದ ಇಲವಾಲದ ಸೈಟಿನ ವಿಷಯದಲ್ಲಿ ಬ್ರೋಕರ್ ‘ಲೋನ್ ಆಗಲ್ಲ, ಕ್ಯಾಶ್ ಆದ್ರೆ ಕಮ್ಮಿ ಮಾಡಿಸ್ತೀನಿ’ ಅಂದಿದ್ದರೆ ಉಳಿದ ಯಾವ ಪ್ರಶ್ನೆಯೂ ಬೇಕಿಲ್ಲ.

ಬೆಲೆ ಇಳಿಸುವ ಒಂದು ಉಪಾಯ ಹೇಳುತ್ತೇನೆ, ಮನೆಯ ಹಿರಿಯರು ಒಪ್ಪಿದರೆ. ದಕ್ಷಿಣಕ್ಕೆ ಬಾಗಿಲಿರುವ ಮನೆಯನ್ನು ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಾರುವವರು ಬೇಸತ್ತಿರುತ್ತಾರೆ, ಚೌಕಾಸಿಗೆ ಬಗ್ಗುತ್ತಾರೆ. ಅದೇ ಬೀದಿಯಲ್ಲಿ, ಅದೇ ನೀರು, ಅದೇ ಕರೆಂಟು. ವಾಸ್ತು ಬಗ್ಗೆ ನಿಮ್ಮ ನಂಬಿಕೆ ನಿಮಗೆ. ಕಂತು ಕಟ್ಟುವವರು ನೀವು ಎಂಬುದನ್ನಷ್ಟೇ ನೆನಪಿಸಿದೆ.

ಫ್ಲ್ಯಾಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಸಾಲು. 45 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ ಮುದ್ರಾಂಕ ಶುಲ್ಕ ಕಡಿಮೆ. ಆದರೆ ತಿಂಗಳ ನಿರ್ವಹಣೆ ಖರ್ಚು ಕಂತಿನ ಮೇಲೆ ಕೂರುತ್ತದೆ, ಮತ್ತು ಊರಿಂದ ಬಂದ ರಾಗಿ ಮೂಟೆಯನ್ನು ಮೂರನೇ ಮಹಡಿಗೆ ಹೊರುವವರು ಬೇಕು.

ಮೈಸೂರೇ ಯಾಕೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಿ ಎನ್ನುತ್ತಿದ್ದೆ, ನಿಮ್ಮವರು ಕೆ.ಆರ್. ನಗರದವರಾಗಿದ್ದರೆ. ಕಾವೇರಿ ದಡದ ಹಳೆಯ ಎಡತೊರೆಯ ಪಕ್ಕ ನಾಲ್ವಡಿಯವರ ಹೆಸರಿನಲ್ಲಿ ನಕ್ಷೆ ಹಾಕಿ ಕಟ್ಟಿದ ಊರು ಅದು, ನೇರ ಬೀದಿಗಳು. ಮೈಸೂರು–ಹಾಸನ ರೈಲು ದಾರಿಯಲ್ಲಿದೆ, ಮೈಸೂರಿಗೆ ಸುಮಾರು 40 ಕಿ.ಮೀ. ದಿನಾ ರೈಲಿನಲ್ಲಿ ಪೇಟೆಗೆ ಬಂದು ಹೋಗುವವರು ಅಲ್ಲಿ ಬಹಳ. ಹುಣಸೂರಿನಲ್ಲಿ ಮನೆ ಮಾಡಿಕೊಂಡು ಬಸ್ಸಿನಲ್ಲಿ ಓಡಾಡುವವರೂ ಇದ್ದಾರೆ. ಹಗಲು ಪಾಳಿಯವರಿಗೆ ಇದು ನಡೆಯುತ್ತದೆ. ಶಿಫ್ಟ್ ಕೆಲಸದವರಿಗೂ, ಬೆಳಿಗ್ಗೆ ಶಾಲೆಯ ಗಂಟೆಗೆ ಮುಂಚೆ ಹಾಜರಿರಬೇಕಾದ ಟೀಚರಿಗೂ ನಡೆಯುವುದಿಲ್ಲ. ಕೋಟೆಗಂತೂ ರೈಲೇ ಇಲ್ಲ.

ಕೊನೆಗೆ ಮಾವನ 6 ಲಕ್ಷ. ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು ಮಾರಿದ ಹಣದಲ್ಲಿ ಬ್ಯಾಂಕಿನ ಬೆಳೆಸಾಲ ಮೊದಲು ಮುರಿದುಕೊಂಡೇ ರೈತರ ಕೈಗೆ ಬರುವುದು. ಅವರು ಹೇಳಿದ 6 ಲಕ್ಷ ಸಾಲ ಮುರಿಯುವುದಕ್ಕೆ ಮುಂಚಿನ ಲೆಕ್ಕವೋ ಆಮೇಲಿನದೋ, ಬರುವ ವರ್ಷದ ಗೊಬ್ಬರ, ಕೂಲಿ, ಸೊಪ್ಪು ಹದ ಮಾಡುವ ಬ್ಯಾರನ್ನಿನ ಸೌದೆಗೆ ಎತ್ತಿಟ್ಟಿದ್ದಾರೋ ಇಲ್ಲವೋ ಯಜಮಾನರ ಕೈಲಿ ಕೇಳಿಸಿ. ಸೊಸೆಯಾಗಿ ನೀವೇ ಕೇಳುವುದು ಮುಜುಗರ, ಗೊತ್ತು. ಒಂದೇ ಸಲ ಬೇಡ, ಬೇಲು ಹೋದ ಹಾಗೆ ಕಂತಿನಲ್ಲಿ ಕೊಡಲಿ. ಹೇಗೂ ಕೊಳ್ಳುವುದು ಎರಡು ವರ್ಷದ ಮೇಲೆ. ಭೋಗ್ಯ ಪತ್ರವಾದರೂ ಠೇವಣಿಯಾದರೂ ಇಬ್ಬರ ಹೆಸರಿನಲ್ಲೂ ಇರಲಿ, ಮುಂದೆ ಕ್ರಯಪತ್ರವೂ ಹಾಗೇ. ದುಡ್ಡು ಗಂಡನ ಮನೆಯದು ಎಂದು ಯಾರಾದರೂ ಎತ್ತಿ ಆಡಿದರೆ, ಕಂತಿನಲ್ಲಿ ಅರ್ಧ ಟೀಚರಮ್ಮನ ಸಂಬಳದ್ದು ಎಂದು ಯಜಮಾನರೇ ಹೇಳಲಿ.